ಬಲಗಾಲಿನ ಪೆಡಲ್

ಪಟ್ಟಾಭಿ ಮೇಷ್ಟ್ರ ಆಶ್ರಮದಲ್ಲಿ ಜಿಂಕೆ ಇರಲಿಲ್ಲ, ಪರ್ಣಕುಟಿಯೂ ಇರಲಿಲ್ಲ. ಹೊಳೆಯ ಪಕ್ಕ ಒಂದು ಹುಲ್ಲುಗಾವಲು, ಅದರ ಅಂಚಿಗೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಎರಡು ಸೀಟಿನ ಒಂದು ಮುದಿ ವಿಮಾನ. ಇಷ್ಟೇ.

ಆಶ್ರಮ ಅಂತ ಹೆಸರಿಟ್ಟವರು ಸುತ್ತಲಿನ ಊರಿನವರು. ಮೇಷ್ಟ್ರು ಮದುವೆಯಾಗಿರಲಿಲ್ಲ, ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು, ಹಾರಲು ಕಲಿಯುವವರಿಗೆಲ್ಲ ತಾವೇ ಅನ್ನ ಸಾರು ಮಾಡಿ ಬಡಿಸುತ್ತಿದ್ದರು. ಋಷಿ ಅನ್ನಿಸಿಕೊಳ್ಳಲು ಇನ್ನೇನು ಬೇಕು? ಸಿಟ್ಟೂ ಋಷಿಗಳದ್ದೇ ಆಗಿತ್ತು.

ಇಪ್ಪತ್ತೇಳು ವರ್ಷದ ನಂತರ ವಾರಿಜಾ ಅಲ್ಲಿಗೆ ಮತ್ತೆ ಬಂದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಹುಲ್ಲಿನ ಮೇಲೆ ಕಲಿತವಳು. ಈಗ ನಲವತ್ತಾರು, ಕಂಕುಳಲ್ಲಿ ಫೈಲು.

ಬಂದದ್ದು ಗುರುಗಳನ್ನು ನೋಡಿ ಹೋಗಲಿಕ್ಕಲ್ಲ, ಪರೀಕ್ಷೆ ಮಾಡಲಿಕ್ಕೆ. ಹಾರಾಟ ಕಲಿಸುವವರ ಪರವಾನಗಿ ಮುಂದುವರಿಯಬೇಕಾದರೆ ಪರೀಕ್ಷಕರೊಬ್ಬರು ಅವರ ಜೊತೆ ಕೂತು ಹಾರಿ, ಇವರು ಇನ್ನೂ ಕಲಿಸಬಲ್ಲರು ಎಂದು ಬರೆದುಕೊಡಬೇಕು. ಮೇಷ್ಟ್ರಿಗೆ ಎಪ್ಪತ್ತೊಂದು. ಪರೀಕ್ಷೆಗೆ ಬರಬೇಕಾಗಿದ್ದವರು ಬೇರೊಬ್ಬರು. ವಾರಿಜಾ ಅವರನ್ನು ಕೇಳಿ, ಕಾಡಿ, ತಾನೇ ಬಂದಿದ್ದಳು.

ಯಾಕೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ಫೇಲಾಗಬಾರದು. ಅವರು ಫೇಲಾದರೆ ಅಲ್ಲಿ ಕಲಿಸುವವರು ಇನ್ನೊಬ್ಬರಿಲ್ಲ, ಶೆಡ್ಡಿಗೆ ಬೀಗ ಬೀಳುತ್ತದೆ.

"ಬನ್ನಿ ಪರೀಕ್ಷಕರೇ," ಎಂದು ಮೇಷ್ಟ್ರು ಎದ್ದು ನಿಂತು ಕೈ ಮುಗಿದರು.

"ಸಾರ್, ಹಾಗೆಲ್ಲ ಕರೀಬೇಡಿ ಸಾರ್."

"ಮತ್ತೆ ಹೇಗೆ ಕರೀಲಿ? ಇವತ್ತು ನನ್ನ ಜುಟ್ಟು ನಿಮ್ಮ ಕೈಲಿದೆ."

"ವಾರಿಜಾ ಅನ್ನಿ. ಆಗ ಬೈಯುವಾಗ ಅಂತಿದ್ರಲ್ಲ, ಹಾಗೆ."

"ಬೈಯುವಾಗ ನಿನ್ನ ಹೆಸರು ಯಾವಾಗ ಹಿಡಿದೆ ಕಣೆ? ಕತ್ತೆ ಅಂತಿದ್ದೆ."

ಅಷ್ಟಕ್ಕೇ ವಾರಿಜಾಳ ಎದೆ ತುಂಬಿ ಬಂತು. ಅವಳನ್ನು ಕತ್ತೆ ಅನ್ನುವವರು ಈಗ ಯಾರೂ ಉಳಿದಿರಲಿಲ್ಲ. ಎಲ್ಲರೂ ಮೇಡಂ ಅನ್ನುತ್ತಿದ್ದರು.

ಶೆಡ್ಡಿನಲ್ಲಿ ವಿಮಾನದ ಗಾಜು ಒರೆಸುತ್ತಿದ್ದ ಯುವತಿಯೊಬ್ಬಳು ಕೈ ಒರೆಸಿಕೊಂಡು ಬಂದಳು. ಹೆಸರು ಜಬೀನಾ, ವಯಸ್ಸು ಇಪ್ಪತ್ತಮೂರು. ಮೇಷ್ಟ್ರಿಗೆ ಈಗ ಇದ್ದವಳು ಈ ಒಬ್ಬಳೇ ಶಿಷ್ಯೆ.

"ಕೈ ಚೆನ್ನಾಗಿದೆ ಇವಳದ್ದು," ಅಂದರು ಮೇಷ್ಟ್ರು. "ಅಡ್ಡಗಾಳಿಯಲ್ಲಿ ಇಳಿಸೋದೊಂದು ಬಾಕಿ. ಅದಾದ್ರೆ ಒಬ್ಬಳನ್ನೇ ಬಿಡ್ತೀನಿ."

ಒಬ್ಬಳನ್ನೇ ಬಿಡುವುದು ಅಂದರೆ ಮೇಷ್ಟ್ರು ಪಕ್ಕದ ಸೀಟಿನಿಂದ ಇಳಿದು ನಿಲ್ಲುವುದು, ಶಿಷ್ಯೆ ತಾನೊಬ್ಬಳೇ ಏರಿ, ಸುತ್ತು ಹಾಕಿ, ಇಳಿಸುವುದು. ವಿಮಾನ ಕಲಿಯುವವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ. ವಾರಿಜಾಳ ಆ ದಿನವೂ ಇಲ್ಲೇ ಕಳೆದಿತ್ತು.

ಶೆಡ್ಡಿನ ಹಿಂದೆ ಹಳೆಯ ಜೀಪು ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ಕೂತಿತ್ತು. ವಾರಿಜಾ ಅದರ ಬಾಗಿಲು ಸವರಿದಳು.

ಮೊದಲನೇ ದಿನ ಅವಳು ಪುಸ್ತಕ ಉರು ಹೊಡೆದುಕೊಂಡು ಬಂದಿದ್ದಳು. ಮೇಷ್ಟ್ರು ಏನೂ ಕೇಳುವ ಮುಂಚೆಯೇ ಶುರು ಹಚ್ಚಿಕೊಂಡಿದ್ದಳು.

"ವಿಮಾನದ ಮೇಲೆ ನಾಲ್ಕು ಬಲಗಳು ಸಾರ್. ಮೇಲಕ್ಕೆತ್ತೋದು ಲಿಫ್ಟ್, ಕೆಳಕ್ಕೆಳೆಯೋದು ತೂಕ, ಮುಂದಕ್ಕೆ ತಳ್ಳೋದು ಥ್ರಸ್ಟ್, ಹಿಂದಕ್ಕೆ ಜಗ್ಗೋದು ಡ್ರ್ಯಾಗ್."

"ಭೇಷ್. ಜೀಪು ಹತ್ತು."

ಮೇಷ್ಟ್ರು ಜೀಪನ್ನು ಹುಲ್ಲಿನ ಮೇಲೆ ಜೋರಾಗಿ ಓಡಿಸಿದರು.

"ಕೈ ಹೊರಗೆ ಚಾಚು. ಅಂಗೈ ಕೆಳಗೆ. ಹ್ಞಾಂ. ಈಗ ಹೆಬ್ಬೆರಳಿನ ಕಡೆ ಒಂಚೂರು ಎತ್ತು."

ಕೈ ತಾನಾಗಿ ಮೇಲಕ್ಕೆ ಹೋಯಿತು. ವಾರಿಜಾ ಚಪ್ಪಾಳೆ ತಟ್ಟುವುದೊಂದು ಬಾಕಿ.

"ಇನ್ನೂ ಎತ್ತು."

ಇನ್ನೂ ಮೇಲೆ ಹೋಯಿತು.

"ಇನ್ನೂ."

ಕೈ ನಡುಗಿತು, ಹಿಂದಕ್ಕೆ ಹೊಡೆಯಿತು, ಮೊಣಕೈ ಬಾಗಿಲಿಗೆ ಬಡಿಯಿತು. ಅವಳು ಅಮ್ಮಾ ಎಂದಳು.

"ಯಾಕೆ ಬಿತ್ತು? ಜೀಪು ನಿಧಾನ ಆಯ್ತಾ?"

"ಇಲ್ಲ ಸಾರ್."

"ಗಾಳಿ ನಿಲ್ತಾ?"

"ಇಲ್ಲ ಸಾರ್. ನಾನು ಜಾಸ್ತಿ ಎತ್ತಿದೆ."

"ನಿನ್ನ ಪುಸ್ತಕದಲ್ಲಿ ಸ್ಟಾಲ್ ಅಂತ ಇದೆಯಲ್ಲ, ಅದು ಇದು. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿ ಎದುರು ನಿಂತಿದೆ ಅನ್ನೋದೇ ಲೆಕ್ಕ. ಒಂದು ಮಿತಿ ದಾಟಿ ಎಳೆದ್ರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟುಹೋಗುತ್ತೆ. ಎಷ್ಟೇ ಜೋರಾಗಿ ಹೋಗ್ತಿದ್ರೂ ಬೀಳ್ತೀಯ."

"ಆಗ ಏನು ಮಾಡ್ಬೇಕು ಸಾರ್?"

"ಎಳೆಯೋದು ಬಿಡು."

ಮೊಣಕೈಯ ಆ ನೋವು ವಾರಿಜಾಳಿಗೆ ಇನ್ನೂ ನೆನಪಿತ್ತು. ಆಮೇಲೆ ಎಷ್ಟೋ ದೊಡ್ಡ ಶಾಲೆಗಳಲ್ಲಿ ಅದೇ ಪಾಠವನ್ನು ಬಣ್ಣಬಣ್ಣದ ಚಿತ್ರಗಳಲ್ಲಿ ನೋಡಿದಳು. ಯಾವುದೂ ಜೀಪಿನಷ್ಟು ಚೆನ್ನಾಗಿ ತಲೆಗೆ ಹತ್ತಲಿಲ್ಲ.

"ಪರೀಕ್ಷೆ ಎಲ್ಲಿಂದ ಶುರು?" ಎಂದು ಮೇಷ್ಟ್ರು ಕೇಳಿದರು.

"ನಾನು ಹೊಸದಾಗಿ ಕಲಿಯೋಕೆ ಬಂದವಳು ಅಂದ್ಕೊಂಡು ಪಾಠ ಹೇಳಿ ಸಾರ್. ಅದೇ ಪರೀಕ್ಷೆ."

"ಹಾಗಾದ್ರೆ ಮೊದಲು ನೆಲದ ಮೇಲೆ ಹಾರು."

ಇದು ಆಶ್ರಮದ ಪದ್ಧತಿ. ಶೆಡ್ಡಿನ ಮುಂದೆ ಸುಣ್ಣದಲ್ಲಿ, ವಿಮಾನ ಮೇಲೆ ಹಾಕುವ ಸುತ್ತಿನಂತೆ, ಒಂದು ಉದ್ದನೆಯ ಚೌಕ ಎಳೆದಿರುತ್ತಿತ್ತು. ವಿಮಾನ ಹತ್ತುವ ಮುಂಚೆ ಶಿಷ್ಯರು ಎರಡೂ ತೋಳು ಚಾಚಿ, ಆ ಗೆರೆಯ ಮೇಲೆ ನಡೆಯಬೇಕು. ಎಲ್ಲಿ ಏನು ಮಾಡಬೇಕೋ ಅದನ್ನು ಬಾಯಿ ಬಿಟ್ಟು ಹೇಳಬೇಕು. ಹೊಳೆಯಲ್ಲಿ ಬಟ್ಟೆ ಒಗೆಯುವವರು ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು.

ನಲವತ್ತಾರರ ಪರೀಕ್ಷಕಿ ಅತ್ತ ಇತ್ತ ನೋಡಿ, ಫೈಲನ್ನು ಜಬೀನಾಳ ಕೈಗೆ ಕೊಟ್ಟು, ತೋಳು ಚಾಚಿದಳು. ಮೇಷ್ಟ್ರು ಬಲಗಡೆ ಜೊತೆಗೆ ನಡೆದರು.

"ಗಾಳಿಗೆ ಎದುರಾಗಿ ಏರ್ತಿದ್ದೀನಿ," ಅಂದಳು ವಾರಿಜಾ. "ಬಲಗಾಲು ಒತ್ತಿದ್ದೀನಿ."

"ಯಾಕೆ?"

"ಪೂರ್ತಿ ಶಕ್ತಿ ಕೊಟ್ಟಾಗ ಎಂಜಿನ್ನು ಮೂಗನ್ನ ಎಡಕ್ಕೆ ತಿರುಗಿಸುತ್ತೆ. ಬಲಗಾಲು ಒತ್ತಿದ್ರೆ ಬಾಲದ ಚುಕ್ಕಾಣಿ ಮೂಗನ್ನ ನೇರಕ್ಕೆ ತರುತ್ತೆ."

"ಹೂಂ. ತಿರುಗು ಎಡಕ್ಕೆ."

ಅವಳು ಎಡದ ತೋಳು ತಗ್ಗಿಸಿ, ಬಲದ ತೋಳು ಎತ್ತಿ ತಿರುಗಿದಳು. ನಾಚಿಕೆ ಎಲ್ಲೋ ಹೋಯಿತು. ಹುಲ್ಲಿನ ವಾಸನೆ, ತಗಡು ಕಾಯುವ ಸದ್ದು, ಪಕ್ಕದಲ್ಲಿ ಮೇಷ್ಟ್ರ ಹೂಂ, ಎಲ್ಲ ಹಾಗೇ ಇದ್ದವು. ಅವಳಿಗೆ ಮತ್ತೆ ಹತ್ತೊಂಬತ್ತಾಗಿತ್ತು, ಮತ್ತು ಅದು ತುಂಬಾ ಹಿತವಾಗಿತ್ತು.

ಎರಡನೇ ತಿರುವಿನಲ್ಲಿ ಮೇಷ್ಟ್ರ ಬಲಗಾಲಿನ ಚಪ್ಪಲಿ ಕಳಚಿಕೊಂಡಿತು.

ಅವರು ನಿಲ್ಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಡೆದರು. ದಾರಿಯಲ್ಲಿ ಮುಳ್ಳಿನ ಕಡ್ಡಿಯೊಂದಿತ್ತು. ಅದರ ಮೇಲೂ ಕಾಲಿಟ್ಟು ಮುಂದೆ ಹೋದರು.

ಜಬೀನಾ ಸದ್ದಿಲ್ಲದೆ ಚಪ್ಪಲಿ ಎತ್ತಿಕೊಂಡು ಬಂದು, ಮೇಷ್ಟ್ರು ನಿಂತಾಗ ಅವರ ಕಾಲಿನ ಮುಂದೆ ಇಟ್ಟಳು. ದಿನಾ ಮಾಡುವ ಕೆಲಸದಂತೆ ಇಟ್ಟಳು.

"ಓ, ಬಿದ್ದಿತ್ತಾ?" ಎಂದು ಮೇಷ್ಟ್ರು ಹಾಕಿಕೊಂಡರು.

ವಾರಿಜಾ ನೋಡಿದಳು. ನೋಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವಯಸ್ಸಾಯಿತು, ಚಪ್ಪಲಿ ಸಡಿಲ ಇರಬಹುದು ಅಂದುಕೊಂಡಳು.

ವಿಮಾನದಲ್ಲಿ ಅವಳು ಎಡದ ಸೀಟಿನಲ್ಲಿ ಕೂತಳು, ಅದು ಶಿಷ್ಯರ ಸೀಟು. ಮೇಷ್ಟ್ರು ಬಲದಲ್ಲಿ. ಇಬ್ಬರ ಮುಂದೆಯೂ ಒಂದೊಂದು ಕೋಲು, ಇಬ್ಬರ ಕಾಲಡಿಯಲ್ಲೂ ಎರಡೆರಡು ಪೆಡಲು. ಇವರದ್ದಕ್ಕೂ ಅವರದ್ದಕ್ಕೂ ಕೆಳಗಿನಿಂದ ಜೋಡಣೆ. ಒಬ್ಬರು ಒತ್ತಿದರೆ ಇನ್ನೊಬ್ಬರ ಪೆಡಲೂ ಹೋಗುತ್ತದೆ.

"ನಾನು ಏರಿಸ್ತೀನಿ, ನೀನು ನೋಡು," ಅಂದರು ಮೇಷ್ಟ್ರು.

ಎಂಜಿನ್ನು ಕೂಗಿತು, ಹುಲ್ಲು ಹಿಂದಕ್ಕೆ ಓಡಿತು. ವಿಮಾನ ಸ್ವಲ್ಪ ಎಡಕ್ಕೆ ಎಳೆಯಿತು, ನೇರ ದಾರಿ ಬಿಟ್ಟು ಓಡಿತು, ಆಮೇಲೆ ನೆಲ ಬಿಟ್ಟಿತು.

ಮೀಟರುಗಳ ಸಾಲಿನಲ್ಲಿ ಒಂದು ಬಾಗಿದ ಗಾಜಿನ ಕೊಳವೆ ಇರುತ್ತದೆ, ಅದರೊಳಗೆ ಒಂದು ಕರಿ ಚೆಂಡು. ವಿಮಾನ ನೇರ ಹಾರುತ್ತಿದ್ದರೆ ಚೆಂಡು ನಡುವೆ, ಓರೆಯಾಗಿ ಜಾರುತ್ತಿದ್ದರೆ ಪಕ್ಕಕ್ಕೆ. ಚೆಂಡು ಯಾವ ಕಡೆ ಓಡಿತೋ ಆ ಕಡೆಯ ಕಾಲು ಒತ್ತು, ಎಂದು ಮೇಷ್ಟ್ರು ಅವಳಿಗೆ ಸಾವಿರ ಸಲ ಹೇಳಿದ್ದರು.

ಈಗ ಚೆಂಡು ಬಲಕ್ಕೆ ಹೋಗಿ ನಿಂತಿತ್ತು.

ಬಲಗಾಲು ಸಾಲದು ಎಂದು ಅದರ ಅರ್ಥ. ಹೊಸಬರು ಮಾಡುವ ತಪ್ಪು. ಮೇಷ್ಟ್ರು ಚೆಂಡು ನೋಡಿದರು, ತಮ್ಮ ಕಾಲು ನೋಡಿದರು, ಮತ್ತೆ ಚೆಂಡು ನೋಡಿದರು.

"ಹೊಳೆ ನೋಡೇ," ಅಂದರು. "ಈ ಸಲ ನೀರು ಚೆನ್ನಾಗಿದೆ."

"ಹೌದು ಸಾರ್," ಅಂದಳು ವಾರಿಜಾ. ಹೊಳೆಯನ್ನೇ ನೋಡಿದಳು.

ಮೇಲೆ ಹೋದ ಮೇಲೆ ಮೇಷ್ಟ್ರು ಮೊದಲಿನ ಮೇಷ್ಟ್ರೇ ಆದರು. ಶಕ್ತಿ ತಗ್ಗಿಸಿ, ಮೂಗು ಹದಕ್ಕೆ ತಂದು, ಕೋಲು ಬಿಟ್ಟರೂ ವಿಮಾನ ಅದೇ ಹದದಲ್ಲಿ ಇರುವಂತೆ ಟ್ರಿಮ್ಮಿನ ಗಾಲಿ ತಿರುಗಿಸಿ, ಕೋಲಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ವಿಮಾನ ಅಲುಗದೆ ಹಾರಿತು.

"ಯಾರು ಹಾರಿಸ್ತಿದ್ದಾರೆ ಈಗ?"

"ಯಾರೂ ಇಲ್ಲ ಸಾರ್. ಅದೇ ಹಾರ್ತಿದೆ."

"ನೆನಪಿದೆಯಲ್ಲ. ಹೊಸಬರು ಕೋಲನ್ನ ಕಳ್ಳನ ಕುತ್ತಿಗೆ ಹಿಡಿದ ಹಾಗೆ ಹಿಡೀತಾರೆ. ನೀನೂ ಹಾಗೇ ಹಿಡಿದಿದ್ದೆ. ಬೆರಳು ಬಿಡಿಸೋಕೆ ನನಗೆ ಎರಡು ತಿಂಗಳು ಹಿಡೀತು."

ಇಬ್ಬರೂ ನಕ್ಕರು. ಕೆಳಗೆ ಹೊಳೆ, ಅದರಾಚೆ ಹಸಿರು ಗದ್ದೆ. ಆ ಕ್ಷಣಕ್ಕೆ ವಾರಿಜಾಳಿಗೆ ಪರೀಕ್ಷೆ ಮುಗಿದೇ ಹೋದಂತಿತ್ತು. ಇಂಥವರನ್ನು ಫೇಲ್ ಮಾಡುವುದುಂಟೇ?

"ಈಗ ಅಡ್ಡಗಾಳಿ ಪಾಠ," ಅಂದರು ಮೇಷ್ಟ್ರು. "ಗಾಳಿ ಎಡದಿಂದ ಇದೆ. ಸೀದಾ ಬಂದ್ರೆ ನಮ್ಮನ್ನ ಹೊಳೆಗೆ ತಳ್ಳುತ್ತೆ. ಅದಕ್ಕೆ ಏನು ಮಾಡ್ಬೇಕು?"

"ಮೂಗನ್ನ ಗಾಳಿ ಕಡೆ ತಿರುಗಿಸಿ, ಏಡಿ ಥರ ಓರೆಯಾಗಿ ಬರ್ಬೇಕು ಸಾರ್."

"ಓರೆಯಾಗೇ ನೆಲ ಮುಟ್ಟಿದ್ರೆ?"

"ಚಕ್ರ ಮುರಿಯುತ್ತೆ. ಮುಟ್ಟೋದಕ್ಕೆ ಸ್ವಲ್ಪ ಮುಂಚೆ ಬಲಗಾಲು ಒತ್ತಿ ಮೂಗನ್ನ ನೇರ ಮಾಡ್ಬೇಕು."

"ಬೇಗ ಒತ್ತಬಾರದು, ತಡ ಮಾಡಬಾರದು. ನೋಡು. ಕೈ ಕಾಲು ಎಲ್ಲೂ ಮುಟ್ಟಿಸಬೇಡ. ನಾನೇ ಇಳಿಸಿ ತೋರಿಸ್ತೀನಿ."

ಕೊನೆಯ ತಿರುವು ಮುಗಿಯಿತು. ಹುಲ್ಲಿನ ಪಟ್ಟಿ ಎದುರಿಗೆ ಬಂತು. ಮೇಷ್ಟ್ರ ಕೈ ಎಷ್ಟು ಹಗುರವಾಗಿತ್ತೆಂದರೆ ವಾರಿಜಾ ಅದನ್ನೇ ನೋಡುತ್ತ ಕೂತಳು. ಐವತ್ತು ಅಡಿ. ಮೂವತ್ತು. ಇಪ್ಪತ್ತು. ಮೂಗು ಗಾಳಿಯ ಕಡೆಗೆ, ಎಡಕ್ಕೆ, ಓರೆಯಾಗಿ ನಿಂತಿತ್ತು.

ಹತ್ತು ಅಡಿ. ಈಗ ಬಲಗಾಲು.

ಪೆಡಲು ಅಲುಗಲಿಲ್ಲ.

ಮೇಷ್ಟ್ರ ಮಂಡಿ ಬಿಗಿಯಾಗಿತ್ತು. ಅವರು ಒತ್ತುತ್ತಿದ್ದೇನೆ ಎಂದೇ ನಂಬಿದ್ದರು. ಮೂಗು ಓರೆಯಾಗಿಯೇ ಇತ್ತು, ನೆಲ ಬರುತ್ತಿತ್ತು.

ವಾರಿಜಾಳ ಕಾಲು ತಾನೇ ಹೋಯಿತು. ಮೆಲ್ಲಗೆ, ಯಾರಿಗೂ ತಿಳಿಯದಂತೆ, ಅವಳು ಬಲದ ಪೆಡಲನ್ನು ಒತ್ತಿ ಹಿಡಿದಳು. ಮೂಗು ನೇರವಾಯಿತು. ಚಕ್ರಗಳು ಹುಲ್ಲು ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಶೆಡ್ಡಿನವರೆಗೆ ವಿಮಾನವನ್ನು ಅವಳೇ ನಡೆಸಿದಳು. ಎಂಜಿನ್ನು ನಿಂತಿತು. ಮೇಷ್ಟ್ರು ಇಳಿಯಲಿಲ್ಲ.

"ವಾರಿಜಾ, ಒಂದು ಮಾತು ಕೇಳ್ಲಾ?"

"ಕೇಳಿ ಸಾರ್."

"ಇಳಿಸಿದ್ದು ನಾನೇನಾ?"

ಅವಳು ಅವರ ಮುಖ ನೋಡಿದಳು. ಕೊಂಕಿಲ್ಲ, ಪರೀಕ್ಷಿಸುವ ಕಳ್ಳ ನಗೆಯಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳುತ್ತಿದ್ದರು.

"ನೀವೇ ಸಾರ್. ಇನ್ಯಾರು?"

ಮೇಷ್ಟ್ರ ಮುಖ ಅರಳಿತು. ಹಾಗೆ ಅರಳಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

"ಸದ್ಯ. ಬದುಕಿದೆ," ಅಂದರು. "ನಿನಗೆ ಹೇಳ್ತೀನಿ, ಇನ್ನು ಹೆದರಿಕೆಯಿಲ್ಲ. ಆರು ತಿಂಗಳಿಂದ ಬಲಗಾಲಿಗೆ ಏನೂ ತಿಳೀತಿಲ್ಲ ಕಣೆ. ಸಕ್ಕರೆ ಕಾಯಿಲೆ. ಒತ್ತಿದ್ನೋ ಇಲ್ವೋ ಗೊತ್ತಾಗಲ್ಲ. ಡಾಕ್ಟರಿಗೆ ಹೇಳಿದ್ರೆ ಮನೇಲಿ ಕೂರಿಸ್ತಾರೆ ಅಂತ ಹೇಳಿಲ್ಲ. ವಿಮಾನ ಏನೋ ನೇರ ಇಳಿಯುತ್ತೆ. ಇಳಿಸಿದ್ದು ನಾನೋ ಜಬೀನಾನೋ ತಿಳಿಯಲ್ಲ. ಅವಳನ್ನ ಕೇಳಿದ್ರೆ ನೀವೇ ಸಾರ್ ಅಂತಾಳೆ. ಶಿಷ್ಯರ ಮಾತು ನಂಬೋಕಾಗುತ್ತಾ? ಈಗ ಪರೀಕ್ಷಕರೇ ಹೇಳಿದ್ಮೇಲೆ ಧೈರ್ಯ ಬಂತು. ನಾಳೇನೇ ಅವಳಿಗೆ ಅಡ್ಡಗಾಳಿ ಪಾಠ ಶುರು ಮಾಡ್ತೀನಿ."

ಅವರು ಇಳಿದು, ಒಂದು ಕಾಲು ಎಳೆಯುತ್ತ, ಅಡುಗೆಮನೆ ಕಡೆಗೆ ಹೋದರು. ಹಾಡು ಗುನುಗುತ್ತಿದ್ದರು.

ವಾರಿಜಾ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಜಬೀನಾ ಫೈಲು ಹಿಡಿದುಕೊಂಡು ಬಂದು ನಿಂತಳು.

"ಮೇಡಂ, ಸಾರ್ ಪಾಸಾದ್ರಾ?"

"ನೀನು ಒಂದು ಹೇಳಮ್ಮ. ಇಳಿಯುವಾಗ ಕಾಲು ಯಾರದ್ದು?"

ಜಬೀನಾ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಸಾರ್ ಹತ್ರ ಹೇಳ್ಬೇಡಿ ಮೇಡಂ. ನಾನೇ ಒತ್ತೋದು. ಅವ್ರು ನೊಂದ್ಕೋತಾರೆ ಅಂತ ಹೇಳಿಲ್ಲ."

"ಅಡ್ಡಗಾಳಿಯಲ್ಲಿ?"

"ಅದು ನಂಗಿನ್ನೂ ಬರಲ್ವಲ್ಲ ಮೇಡಂ. ಎಷ್ಟು ಒತ್ಬೇಕೋ ಗೊತ್ತಿಲ್ಲ. ಸಾರ್ ತೋರಿಸ್ಕೊಡ್ತಾರೆ."

ತೋರಿಸಿಕೊಡಬೇಕಾದ ಕಾಲಿಗೆ ಸ್ಪರ್ಶವಿಲ್ಲ, ಕಲಿಯಬೇಕಾದ ಕಾಲಿಗೆ ಪಾಠವಿಲ್ಲ. ನಾಳೆ ಇಬ್ಬರೂ ಹತ್ತಡಿಯ ಎತ್ತರದಲ್ಲಿ, ಇನ್ನೊಬ್ಬರು ಒತ್ತುತ್ತಾರೆ ಎಂದು ನಂಬಿಕೊಂಡು ಕೂತಿರುತ್ತಾರೆ.

ವಾರಿಜಾಳಿಗೆ ಅಪ್ಪನ ನೆನಪಾಯಿತು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮಗಳು ವಿಮಾನ ಇಳಿಸುವುದನ್ನು ನೋಡಬೇಕೆಂದು ಒಂದು ದಿನ ರಜೆ ಹಾಕಿ ಬಂದಿದ್ದರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಅಲ್ಲಿಯತನಕ ವಾರಿಜಾ ಒಂದು ಸಲವೂ ನೆಟ್ಟಗೆ ಇಳಿಸಿರಲಿಲ್ಲ. ಕಪ್ಪೆಯಂತೆ ಕುಪ್ಪಳಿಸುತ್ತ ಬರುತ್ತಿದ್ದಳು. ಅವತ್ತು ಮಾತ್ರ ಮೂರಕ್ಕೆ ಮೂರೂ ಬೆಣ್ಣೆಯಂತೆ ಇಳಿದವು. ಅಪ್ಪ ಬೇಲಿ ಹಿಡಿದುಕೊಂಡು ಅತ್ತುಬಿಟ್ಟರು. ಊರಿಗೆ ಹೋಗಿ ಬೀದಿಗೆಲ್ಲ ಹೇಳಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಮೊದಲ ಬಸ್ಸು ಹಿಡಿದು ಅವರ ಮನೆಗೇ ಬಂದರು. ಕೊಟ್ಟ ಕಾಫಿ ಕುಡಿಯಲಿಲ್ಲ.

"ನಿನ್ನೆ ಇಳಿಸಿದ್ದು ಇವಳಲ್ಲ," ಅಂದರು ಅಪ್ಪನಿಗೆ. "ನಾನು ಕೆಳಗಿಂದ ಕಾಲು ಕೊಟ್ಟೆ. ನೀವು ದೂರದಿಂದ ಬಂದಿದ್ರಿ, ಮನಸ್ಸು ತಡೀಲಿಲ್ಲ. ತಪ್ಪು ಮಾಡಿದೆ."

ವಾರಿಜಾ ಕಿರುಚಾಡಿದ್ದಳು. "ಹೇಳದೆ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?"

"ನಾಳೆ ನೀನು ಒಬ್ಬಳೇ ಹೋಗ್ತೀಯ. ನನ್ನ ಕಾಲು ಅಲ್ಲಿ ಇರಲ್ಲ. ಇಲ್ಲದ ಕಾಲನ್ನ ನಂಬ್ಕೊಂಡು ನೀನು ಹೋಗ್ತೀಯಲ್ಲ ತಾಯಿ."

ಎಂಟು ದಿನ ಅವಳು ಆಶ್ರಮಕ್ಕೆ ಹೋಗಲಿಲ್ಲ. ಒಂಬತ್ತನೇ ದಿನ ಅಪ್ಪನೇ ಕರೆದುಕೊಂಡು ಹೋಗಿ ಬಿಟ್ಟರು. ಮೇಷ್ಟ್ರು ಚಪ್ಪಲಿ ಬಿಟ್ಟು ವಿಮಾನ ಹತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಕಾಲು ಎಲ್ಲಿದೆ ಎಂದು ಅವಳ ಕಣ್ಣಿಗೆ ಕಾಣಲಿ ಎಂದು. ಹಾಗೇ ಕೂತು ಅವಳ ಹತ್ತೊಂಬತ್ತು ಕೆಟ್ಟ ಇಳಿತಗಳನ್ನು ಸಹಿಸಿಕೊಂಡರು. ಮೂಳೆ ಅಲುಗಿದರೂ ಕಾಲು ಇಳಿಬಿಡಲಿಲ್ಲ. ಇಪ್ಪತ್ತನೆಯದು ಅವಳದ್ದೇ ಆಗಿತ್ತು.

ಆ ವರ್ಷ ಅವಳು ಅವರಷ್ಟು ಇನ್ಯಾರನ್ನೂ ದ್ವೇಷಿಸಿರಲಿಲ್ಲ. ಆಮೇಲಿನ ಇಪ್ಪತ್ತೇಳು ವರ್ಷ ಅವರಷ್ಟು ಇನ್ಯಾರನ್ನೂ ಪ್ರೀತಿಸಲೂ ಇಲ್ಲ.

ವಾರಿಜಾ ಫೈಲು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಮೇಷ್ಟ್ರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ಬಾ, ತಟ್ಟೆ ಹಾಕ್ಕೋ. ಇಂಗು ಸ್ವಲ್ಪ ಮುಂದಾಯ್ತು."

"ಸಾರ್, ಇಳಿಸಿದ್ದು ನೀವಲ್ಲ."

ಸೌಟು ನಿಂತಿತು.

"ನಾನು ಕಾಲು ಕೊಟ್ಟೆ," ಅಂದಳು ವಾರಿಜಾ.

ಮೇಷ್ಟ್ರು ತಿರುಗಲಿಲ್ಲ. ಒಲೆ ಆರಿಸಿದರು.

"ಎಷ್ಟು?"

"ಅರ್ಧಕ್ಕಿಂತ ಜಾಸ್ತಿ."

"ಎಲ್ಲಿಂದ?"

"ಹತ್ತು ಅಡಿಯಿಂದ. ಚಕ್ರ ಮುಟ್ಟೋ ತನಕ."

"ಏರುವಾಗ?"

"ಆಗ ಕೊಡ್ಲಿಲ್ಲ. ಚೆಂಡು ಬಲಕ್ಕೆ ಹೋಗಿತ್ತು. ನೋಡಿಯೂ ಸುಮ್ನಿದ್ದೆ."

"ನಾನೂ ನೋಡಿದೆ," ಅಂದರು ಮೇಷ್ಟ್ರು. "ಹೊಳೆ ತೋರಿಸ್ದೆ."

ಅವರು ಮಣೆ ಎಳೆದುಕೊಂಡು ಕೂತರು. ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿಕೊಂಡರು. ಅಂಗಾಲಿನಲ್ಲಿ ಬೆಳಗಿನ ಮುಳ್ಳು ಇನ್ನೂ ಇತ್ತು, ಸುತ್ತ ರಕ್ತ ಒಣಗಿತ್ತು. ವಾರಿಜಾ ಬಾಗಿ ಅದನ್ನು ಕಿತ್ತಳು. ಅವರಿಗೆ ತಿಳಿಯಲಿಲ್ಲ, ಅವಳು ಕಿತ್ತದ್ದನ್ನು ನೋಡುತ್ತಿದ್ದರು ಅಷ್ಟೇ.

"ನೀನು ಕೊಡದೆ ಇದ್ದಿದ್ರೆ?"

"ಓರೆಯಾಗಿ ಮುಟ್ಟುತ್ತಿತ್ತು. ಚಕ್ರ ಹೋಗ್ತಿತ್ತು. ಮಗುಚಿಕೊಂಡ್ರೂ ಮಗುಚಿಕೊಳ್ತಿತ್ತು ಸಾರ್."

"ಎಡಗಡೆ ಸೀಟಿನಲ್ಲಿ ಜಬೀನಾ ಇದ್ದಿದ್ರೆ?"

ವಾರಿಜಾ ಬಾಗಿಲ ಕಡೆ ನೋಡಿದಳು. ಹೊರಗೆ ಜಬೀನಾ ಬಕೆಟ್ಟಿಗೆ ನೀರು ಹಿಡಿಯುವ ಸದ್ದು ಕೇಳುತ್ತಿತ್ತು.

"ಮತ್ತೆ ಆಗ ಯಾಕೆ ಸುಳ್ಳು ಹೇಳಿದೆ?"

"ನಿಮ್ಮ ಮುಖ ನೋಡಿ ಮನಸ್ಸು ತಡೀಲಿಲ್ಲ ಸಾರ್."

"ಹೂಂ," ಅಂದರು ಮೇಷ್ಟ್ರು. "ನಿಮ್ಮಪ್ಪ ಅವತ್ತು ನನ್ನನ್ನ ಬಸ್ ಸ್ಟ್ಯಾಂಡ್ ತನಕ ಬಿಡೋಕೆ ಬಂದಿದ್ರು. ದಾರೀಲಿ ಒಂದು ಮಾತೂ ಆಡ್ಲಿಲ್ಲ. ಬಸ್ಸು ಹೊರಟಾಗ ಕಿಟಕೀಲಿ ಕೈ ಹಾಕಿ ನನ್ನ ಕೈ ಹಿಡ್ಕೊಂಡ್ರು. ಎಷ್ಟು ಕಷ್ಟ ಆಗಿತ್ತೋ ಅವ್ರಿಗೆ. ಇವತ್ತು ಗೊತ್ತಾಯ್ತು."

"ಸಾರ್, ಕಾಲಿಗೆ ಔಷಧಿ ತಗೊಳ್ಳಿ, ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ..."

"ಬರಿ."

"ಇವತ್ತೇ ಬರೀಬೇಕು ಅಂತೇನಿಲ್ಲ ಸಾರ್. ಊರಿಗೆ ಹೋಗಿ..."

"ಊರಿಗೆ ಹೋಗಿ ನೀನು ಬರೆಯಲ್ಲ. ನಿನ್ನನ್ನ ಹತ್ತೊಂಬತ್ತರಿಂದ ನೋಡಿದ್ದೀನಿ. ಇಲ್ಲೇ ಬರಿ."

"ಏನಂತ ಬರೀಲಿ?"

"ಕಂಡದ್ದನ್ನ."

"ಜಬೀನಾ?"

"ಅವಳಿಗೆ ಬೇರೆ ಮೇಷ್ಟ್ರನ್ನ ಹುಡುಕ್ತೀನಿ. ಅವಳ ಕೈ ಚೆನ್ನಾಗಿದೆ ಅಂದ್ನಲ್ಲ. ಹಾಳಾಗಬಾರದು. ಇವತ್ತು ಮಧ್ಯಾಹ್ನವೇ ಅವಳಿಗೆ ನಾನೇ ಹೇಳ್ತೀನಿ. ನೀನು ಹೇಳಬೇಡ."

ವಾರಿಜಾ ಅಡುಗೆಮನೆಯ ನೆಲದ ಮೇಲೆ ಕೂತು, ಮಂಡಿಯ ಮೇಲೆ ಫೈಲು ತೆರೆದಳು. ನಮೂನೆಯ ಕೊನೆಯಲ್ಲಿ ಎರಡು ಸಾಲು ಅಚ್ಚಾಗಿದ್ದವು. ಕಲಿಸಲು ಯೋಗ್ಯರು. ಕಲಿಸಲು ಯೋಗ್ಯರಲ್ಲ. ಒಂದನ್ನು ಹೊಡೆದುಹಾಕಿ, ಕೆಳಗೆ ಕಾರಣ ಬರೆಯಬೇಕು.

ಅವಳು ಪೆನ್ನಿನ ಕ್ಯಾಪು ತೆಗೆದಳು. ಮೊದಲನೇ ಸಾಲನ್ನು ಹೊಡೆದಳು. ಗೆರೆ ನೇರವಾಗಿ ಬರಲಿಲ್ಲ.

ಕಾರಣ ಬರೆದಳು. ಬಲಗಾಲಿನ ಸ್ಪರ್ಶ ಹೋಗಿದೆ, ಅಡ್ಡಗಾಳಿಯಲ್ಲಿ ಇಳಿಸುವಾಗ ಪರೀಕ್ಷಕರು ಪೆಡಲ್ ಒತ್ತಬೇಕಾಯಿತು, ಎಂದು. ಮೂರು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಸಹಿ ಹಾಕಿದಳು.

ಮೇಷ್ಟ್ರು ಕೈ ಚಾಚಿದರು. ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದು ಪದವನ್ನೂ ಓದಿದರು. ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು, ಓದಿದ್ದೇನೆ, ಒಪ್ಪಿದ್ದೇನೆ ಎನ್ನುವ ಕಡೆ ತಮ್ಮ ಹೆಸರು ಬರೆದರು. ಹಾಳೆಯನ್ನು ಮತ್ತೆ ಅವಳ ಮಂಡಿಯ ಮೇಲೆ ಇಟ್ಟರು.

ಆಗ ವಾರಿಜಾಳಿಗೆ ತಡೆಯಲಾಗಲಿಲ್ಲ. ಹಾಳೆಯ ಮೇಲೆ ಬಾಗಿ ಮಕ್ಕಳಂತೆ ಅತ್ತಳು.

ಮೇಷ್ಟ್ರು ತಮ್ಮ ಹೆಗಲ ಮೇಲಿನ ಟವೆಲು ತೆಗೆದು ಅವಳ ಮುಂದೆ ಹಿಡಿದರು.

"ಕಣ್ಣು ಒರೆಸ್ಕೋ ಕತ್ತೆ. ಶಾಯಿ ಹರಡಿದ್ರೆ ಇನ್ನೊಂದ್ಸಲ ಬರೀಬೇಕಾಗುತ್ತೆ, ಅಷ್ಟು ಧೈರ್ಯ ಇಬ್ಬರಿಗೂ ಇಲ್ಲ."